ಕುಂದ್ರೋ ಕೆಲಸ

ನಮ್ಮೂರಿನಲ್ಲಿ ಬೆಳಗಾದ ಕೂಡಲೇ ಜನ ಕೇಳುವ ಮೊದಲ ಮಾತು, "ಇವತ್ತು ಬಾಯಿ ಎಲ್ಲೈತಿ?" ಬಾಯಿ ಅಂದರೆ ಗಣಿಯ ಬಾಯಿ. ನಿನ್ನೆ ಗುಡ್ಡದ ಮೂಡಣಕ್ಕೆ ಜಾಲಿಗಿಡದ ಪಕ್ಕದಲ್ಲಿದ್ದದ್ದು ಇವತ್ತು ಬಡಗಣ ಬಂಡೆಯ ಕೆಳಗಿರುತ್ತದೆ, ನಾಳೆ ಇನ್ನೆಲ್ಲೋ. ಅದಕ್ಕೇ ನಮ್ಮಲ್ಲಿ ಚಹಾದಂಗಡಿಗೆ ಗಾಲಿಗಳಿವೆ. ಅದಿರಿನ ಲಾರಿಗಳು ಊರ ಮುಂದೆ ಸಾಲಾಗಿ ನಿಂತು ಸುದ್ದಿಗೆ ಕಾಯುತ್ತವೆ. ಕಂಪನಿ ಆಫೀಸಿನ ನಕ್ಷೆಯಲ್ಲಿ ಗುಡ್ಡವನ್ನು ಶಾಯಿಯಲ್ಲಿ ಬರೆದು ಬಾಯಿಯನ್ನು ಮಾತ್ರ ಸೀಸದಕಡ್ಡಿಯಲ್ಲಿ ಬರೆಯುತ್ತಾರೆ. ಗಣಿಗೆ ದಾರಿ ತೋರಿಸುವ ಬೋರ್ಡು ಬರೆಯಲು ಬಂದ ಪೇಂಟರು ಬಾಣದ ಗುರುತನ್ನು ಯಾವ ಕಡೆಗೆ ಹಾಕಲಿ ಎಂದು ಮೂರು ದಿನ ಕೇಳಿ ಸಾಕಾಗಿ, ಕೊನೆಗೆ ಆಕಾಶಕ್ಕೆ ಹಾಕಿ ಹೋದ. ಆ ಬೋರ್ಡು ಈಗಲೂ ಇದೆ.

ಆ ಬಾಯಿಯನ್ನು ಹುಡುಕುವವಳು ನಾನು, ಹೊನ್ನೂರಮ್ಮ. ನಸುಕಿನಲ್ಲಿ ಚಪ್ಪಲಿ ಬಿಟ್ಟು ಗುಡ್ಡ ಸುತ್ತುತ್ತೇನೆ. ಒಂದು ಕಡೆ ಹಿಮ್ಮಡಿಗೆ ತಣ್ಣನೆಯ ಗಾಳಿ ಸೋಕುತ್ತದೆ. ಅಲ್ಲಿ ಬಾಯಿ ಇದೆ ಎಂದರ್ಥ. ಆದರೆ ಹುಡುಕುವುದು ಅರ್ಧ ತಾಸಿನ ಕೆಲಸ, ನಿಜವಾದ ಕೆಲಸ ಆಮೇಲಿನದು. ಬಾಯಿಗೆ ಬೆನ್ನು ಮಾಡಿ, ಊರಿಗೆ ಮುಖ ಮಾಡಿ, ಮಣೆ ಹಾಕಿಕೊಂಡು ಕೂರಬೇಕು. ಮಣೆಯ ಮೇಲೆ ಜನ ಇರುವವರೆಗೆ ಬಾಯಿ ತೆರೆದಿರುತ್ತದೆ. ಎದ್ದರೆ ಮುಚ್ಚಿಹೋಗುತ್ತದೆ, ಒಳಗೆ ಎಷ್ಟು ಮಂದಿ ಇದ್ದರೂ ಅದಕ್ಕೆ ಸಂಬಂಧವಿಲ್ಲ. ಪಾಳಿ ಬದಲಾಗುವಾಗ ಬಂದವಳು ಮಣೆಯ ತುದಿಗೆ ಕೂತು, ನನ್ನನ್ನು ಪಕ್ಕಕ್ಕೆ ಸರಿಸಿಕೊಂಡ ಮೇಲೆಯೇ ನಾನು ಏಳುವುದು. ಹೀಗೆ ದಿನಕ್ಕೆ ಎಂಟು ತಾಸು, ಇಪ್ಪತ್ತಾರು ವರ್ಷ.

ಎಂಟು ತಾಸು ಏಳದೆ ಕೂರುವುದು ಅಂದರೆ ಏನು ಎಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ನೀರು ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳುತ್ತೇನೆ, ನುಂಗುವುದಿಲ್ಲ. ಬೇಸಿಗೆಯಲ್ಲೂ ಅಷ್ಟೇ, ಮುಟ್ಟಾದ ದಿನಗಳಲ್ಲೂ ಅಷ್ಟೇ. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿ ಆಸ್ಪತ್ರೆಗೆ ಹೋದೆ. ಡಾಕ್ಟರು, "ನೀರು ಜಾಸ್ತಿ ಕುಡೀರಿ ಅಮ್ಮ" ಎಂದರು. ಕುಡಿದು ಎಲ್ಲಿಗೆ ಹೋಗಲಿ? ನಾನು ಸೇರುವುದಕ್ಕೂ ಮೊದಲು, ನಮ್ಮತ್ತೆಯ ಕಾಲದಲ್ಲಿ, ಪಾಳಿಗೆ ಇಬ್ಬಿಬ್ಬರು ಕೂರುತ್ತಿದ್ದರು. ಒಬ್ಬಳು ಎದ್ದು ಹೋಗಿ ಬರುವವರೆಗೆ ಇನ್ನೊಬ್ಬಳು ಇರುತ್ತಿದ್ದಳು. ಒಂದು ದಿನ ಕಂಪನಿಯ ದೊಡ್ಡವರು ಯಾರೋ ಬಂದು ಅರ್ಧ ದಿನ ಕೊಡೆ ಹಿಡಿದು ನಿಂತು ನೋಡಿ, ಇಬ್ಬರೂ ಸುಮ್ಮನೆ ಕೂತಿದ್ದಾರೆ, ಒಬ್ಬರೇ ಸಾಕು ಎಂದು ಬರೆದುಕೊಂಡು ಹೋದರು.

ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ಒಳಗೆ ಬಂಡೆ ಕೊರೆಯುತ್ತಿದ್ದವರು. ಹೆಸರು ಓಬಳೇಶಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ದೂಳು ಕುಡಿದು ಎದೆ ಕೆಟ್ಟು ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟರು. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಕಡೆ ಕೂರುವ ಜೀವವಲ್ಲ. ಊಟಕ್ಕೆ ಕೂತರೆ ತಟ್ಟೆ ಹಿಡಿದು ಎರಡು ಸಲ ಬಾಗಿಲಿಗೆ ಹೋಗಿ ಬರುತ್ತಾರೆ. ನಮ್ಮ ಮದುವೆಯ ಹಸೆಮಣೆಯಿಂದಲೇ ಬೀಡಿ ಸೇದಲು ಎದ್ದು ಹೋಗಿದ್ದವರು, ಅದನ್ನು ನೆನೆದು ನಮ್ಮಕ್ಕ ಇವತ್ತಿಗೂ ನಗುತ್ತಾಳೆ. ಪಾಳಿ ಮುಗಿಸಿ ನಾನು ಸೊಂಟ ಹಿಡಿದುಕೊಂಡು ಮನೆಗೆ ಬಂದರೆ, "ನಿಂದೇನು ಬಿಡು, ಕುಂದ್ರೋ ಕೆಲಸ" ಎಂದು ನಗುತ್ತಿದ್ದರು. ಊರಿನಲ್ಲಿ ಎಲ್ಲ ಗಂಡಸರೂ ಹಾಗೆಯೇ ಅನ್ನುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ, ಏನು ಮಾಡುವುದು.

ಮಧ್ಯಾಹ್ನದ ಪಾಳಿಗೆ ಕೂರುತ್ತಿದ್ದವಳು ನನ್ನ ಮಗಳು ಸುಂಕಮ್ಮ. ಇಪ್ಪತ್ತನೇ ವಯಸ್ಸಿಗೆ ಮಣೆ ಹಿಡಿದವಳು. ಅವಳು ನನ್ನ ಹಾಗೆ ಊರು ನೋಡುತ್ತಾ ಕೂರಲಿಲ್ಲ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಳು. ನಾಲ್ಕು ವರ್ಷ ಓದಿ ಮೇಟ್ ಪರೀಕ್ಷೆ ಪಾಸು ಮಾಡಿದಳು. ಮೇಟ್ ಅಂದರೆ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ತಲೆಯ ಮೇಲಿನ ಬಂಡೆಯನ್ನು ಕೋಲಿನಿಂದ ಬಡಿದು ಸದ್ದು ಕೇಳಿ, ಇಲ್ಲಿ ಕೆಲಸ ಮಾಡಬಹುದು, ಅಲ್ಲಿ ಬೇಡ ಎಂದು ಹೇಳುವವರು. ಅವರು ಬೇಡ ಎಂದರೆ ಹತ್ತು ಮಂದಿ ಗಂಡಸರು ಹಿಂದೆ ಸರಿಯಬೇಕು. ಹೆಂಗಸರೂ ಗಣಿಯೊಳಗೆ ಕೆಲಸ ಮಾಡಬಹುದು ಎಂದು ಸರಕಾರದ ಆರ್ಡರು ಬಂದದ್ದು ಅದೇ ವರ್ಷ. ಸುಂಕಿಗೆ ನೇಮಕದ ಕಾಗದ ಬಂತು. ತಿಂಗಳೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ರದ್ದು ಎಂದು ಅದರಲ್ಲಿತ್ತು. ಕಾಗದವನ್ನು ಅವಳು ನನ್ನ ಕೈಗೆ ಕೊಟ್ಟಾಗ ನನಗೆ ಅಳು ಬಂತು. ನನ್ನ ಮಗಳು ಆ ಮಣೆಯಿಂದ ಎದ್ದಳಲ್ಲ ಎಂದುಕೊಂಡೆ.

ಕಾಗದ ಹಿಡಿದು ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆವು. ಅವರು ಹೊಸಬರು, ಮೆತ್ತಗಿನ ಮಾತಿನವರು. "ಸಂತೋಷ ಕಣಮ್ಮ. ಆದ್ರೆ ನೀನು ಒಳಗೆ ಹೋದ್ರೆ ನಿನ್ನ ಜಾಗದಲ್ಲಿ ಯಾರು ಕೂರ್ತಾರೆ? ಕೂರೋರನ್ನ ನೀವೇ ಹುಡುಕಿ ಕೊಡಿ, ನಂದೇನೂ ಅಡ್ಡಿಯಿಲ್ಲ" ಎಂದರು. ಅಡ್ಡಿಯಿಲ್ಲವಂತೆ! ಕೆಳಗೆ ಅದಿರು ಆರಿಸುವ ಬೆಲ್ಟಿನ ಹತ್ತಿರ ಹನ್ನೊಂದು ಹೆಂಗಸರಿದ್ದಾರೆ. ಒಬ್ಬೊಬ್ಬರನ್ನೂ ಕೇಳಿದೆ. ಅವರಿಗೆ ಅಲ್ಲಿ ದೂಳಿದೆ, ಗದ್ದಲವಿದೆ, ಆದರೆ ಜೊತೆಗೆ ಜನ ಇದ್ದಾರೆ, ತಗಡಿನ ಮರೆಯ ಪಾಯಿಖಾನೆಯೂ ಇದೆ. "ಅಕ್ಕಾ, ಬೇರೆ ಏನಾದ್ರೂ ಕೇಳು, ಆ ಮಣೆ ಮಾತ್ರ ಬ್ಯಾಡ" ಎಂದರು ಎಲ್ಲರೂ. ಅವರನ್ನು ದೂರಿ ಏನು ಪ್ರಯೋಜನ? ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ತಿಂಗಳಲ್ಲಿ ಒಂಬತ್ತು ದಿನ ಉಳಿದಿತ್ತು. ರೊಟ್ಟಿ ಬಡಿಯುತ್ತಿದ್ದೆ, ಮನೆಯವರು ತಟ್ಟೆ ಹಿಡಿದು ಓಡಾಡುತ್ತಿದ್ದರು. ಸುಂಕಿ ಇದ್ದಕ್ಕಿದ್ದಂತೆ, "ಅಪ್ಪಾ, ನೀನ ಯಾಕ ಕುಂದ್ರಬಾರದು?" ಎಂದಳು. ಅವರು ಮೊದಲು ಊಟಕ್ಕೆ ಎಂದುಕೊಂಡರು. ಮಣೆಯ ಮೇಲೆ ಎಂದು ತಿಳಿದ ಮೇಲೆ ಕೆಮ್ಮು ಬರುವಷ್ಟು ನಕ್ಕರು. "ಗಂಡಸು ಹೋಗಿ ಬಾಯಿಗೆ ಕುಂದ್ರೋದಾ? ಊರಾಗ ತಲಿ ಎತ್ತಿ ತಿರುಗಾಡ್ಲೋ ಬ್ಯಾಡೋ ನಾನು? ಅಲ್ಲಲೇ ಸುಂಕಿ, ಒಳಗ ಏನೈತಿ ಅಂತ ನನಗ ಗೊತ್ತು. ಈ ಎದಿ ನೋಡು. ನಿನಗ್ಯಾಕ ಬೇಕದು? ಆರಾಮ ಕುಂದ್ರೋ ಕೆಲಸ ಐತಿ, ಕುಂದ್ರು."

ಆ ಮಾತು ಅದುವರೆಗೆ ಸಾವಿರ ಸಲ ಕೇಳಿದ್ದೆ. ಅವತ್ತು ಯಾಕೋ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಹಿಟ್ಟನ್ನು ಹಾಗೆಯೇ ನಾದುವ ಕೊಣಮಿಗೆಗೆ ಎಸೆದೆ. "ಆರಾಮ ಅಂತೀರಾ? ದ್ಯಾವಮ್ಮ ಯಾಕ ಎದ್ದಳು, ಗೊತ್ತೈತೇನು ನಿಮಗ?" ಎಂದೆ. ದ್ಯಾವಮ್ಮನ ಹೆಸರನ್ನು ನಮ್ಮೂರಿನಲ್ಲಿ ಯಾರೂ ಎತ್ತುವುದಿಲ್ಲ. ನಮ್ಮತ್ತೆಯ ಕಾಲದಲ್ಲಿ, ಪಾಳಿಗೆ ಒಬ್ಬರೇ ಎಂದಾದ ಮೇಲೆ, ಅವಳು ಪಾಳಿಯ ನಡುವೆ ಮಣೆ ಬಿಟ್ಟು ಎದ್ದಳು, ಬಾಯಿ ಮುಚ್ಚಿತು. ಎರಡು ದಿನದ ಮೇಲೆ ಅದು ಗುಡ್ಡದ ಆಚೆ ಮಗ್ಗುಲಲ್ಲಿ ಸಿಕ್ಕಾಗ ಒಳಗೆ ಹೋಗಿದ್ದ ಹತ್ತು ಜನರಲ್ಲಿ ಒಂಬತ್ತು ಜನ ಹೊರಗೆ ಬಂದರು. ಹರಟೆ ಹೊಡೆಯಲು ಎದ್ದಳು ಎಂದು ಊರು ಮಾತಾಡಿತು. ಅವಳು ಬೇರೆ ಊರಿಗೆ ಹೋಗಿ ಅಲ್ಲೇ ತೀರಿಕೊಂಡಳು. "ಹರಟಿ ಹೊಡಿಯಾಕ ಅಲ್ಲ. ಗಿಡದ ಮರೆಗೆ ಹೋಗಿದ್ಲು, ಅಷ್ಟ. ಎರಡ ನಿಮಿಷ. ನಿಮ್ಮವ್ವನೇ ನನಗ ಹೇಳ್ಯಾಳ. ಇಪ್ಪತ್ತಾರು ವರ್ಷದಿಂದ ನಾ ನೀರು ಕುಡೀದಿರೋದು ಯಾಕ ಅಂತ ಒಂದಿನಾನಾದ್ರೂ ಕೇಳೀರೇನು?" ಎಂದೆ. ಅವರ ಕೈಯಲ್ಲಿ ತಟ್ಟೆ ಹಾಗೆಯೇ ನಿಂತಿತು. ನಾನು ಬೇರೆ ಹಿಟ್ಟು ಕಲಸಿಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಸುಂಕಿಯ ಮಣೆಯನ್ನು ಅಂಗಳದಲ್ಲಿ ಹಾಕಿಕೊಂಡು ಕೂತಿದ್ದರು. ಮಣೆ ಅವರಿಗೆ ಸಾಲುತ್ತಿರಲಿಲ್ಲ. ನಾನು ಗುಡ್ಡಕ್ಕೆ ಹೊರಟಾಗ, "ಒಂದು ತಾಸು ಆಗಿರಬೇಕಲ್ಲ?" ಎಂದು ಕೇಳಿದರು. ಹತ್ತು ನಿಮಿಷ ಆಗಿತ್ತು.

ಆದರೆ ಅವರು ಒಪ್ಪಿದರೆ ಮುಗಿಯಿತೇ? ಮೇಸ್ತ್ರಿ ಜಡೆಪ್ಪನ ಗುಂಪು ಅಡ್ಡ ನಿಂತಿತು. ಸುಂಕಿ ಸೇರಬೇಕಾದದ್ದು ಆ ಗುಂಪಿಗೇ. ಜಡೆಪ್ಪ ನಮ್ಮ ಮನೆಯವರ ಜೊತೆಗೇ ಕೆಲಸ ಕಲಿತವನು, ನನಗೆ ತಮ್ಮನಂಥವನು. "ಹೊನ್ನೂರಕ್ಕ, ಸುಂಕಿ ಒಳಗ ಬರ್ಲಿ, ಆಕಿ ಕೋಲು ಹಿಡಿದ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಂಡಸು ಕುಂತ್ರ ಬಾಯಿ ನಿಂದ್ರತೈತಿ ಅಂತ ಯಾರಿಗೆ ಗೊತ್ತು? ಇಲ್ಲೀತನಕ ಯಾರೂ ಕುಂತಿಲ್ಲ. ಅದರಾಗೂ ಕುಂದ್ರಾಂವ ಯಾರು? ನಮ್ಮ ಓಬಳೇಶಣ್ಣ! ನಾವು ಹತ್ತು ಮಂದಿ ಹೆಂಡ್ರು ಮಕ್ಕಳು ಇರೋರು ನೋಡಕ್ಕ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಗ ನಾನು ಅಂದೆ: "ನೀವ್ಯಾರೂ ಹೋಗಬ್ಯಾಡ್ರಿ. ರಜಾ ದಿನ ಅವರು ಕುಂದ್ರಲಿ. ನಾನು, ಸುಂಕಿ ಇಬ್ಬರೂ ಒಳಗ ಹೋಗ್ತೀವಿ. ಪೂರಾ ಎಂಟು ತಾಸು. ನೀ ಹೊರಗ ನಿಂತು ನೋಡು." ಏನಾದರೂ ಆದರೆ ಕಂಪನಿ ಹೊಣೆಯಲ್ಲ ಎಂಬ ಕಾಗದಕ್ಕೆ ಸಾಹೇಬರು ನಮ್ಮಿಬ್ಬರ ಕೈಯಲ್ಲೂ ಸಹಿ ಹಾಕಿಸಿಕೊಂಡರು.

ಭಾನುವಾರ ಬಾಯಿ ಹತ್ತಿರದಲ್ಲೇ ಸಿಕ್ಕಿತು, ಹಳೆಯ ಸುಣ್ಣದ ಗೂಡಿನ ಹಿಂದೆ. ಚಹಾ ಗಾಡಿಯವನು ಕರೆಯದಿದ್ದರೂ ಬಂದಿದ್ದ. ನಮ್ಮ ಮನೆಯವರು ಅಂಜಿಕೆಗೆ ಎರಡು ಲೋಟ ಚಹಾ ಕುಡಿದರು. ಬೇಡ ಎಂದು ಕಣ್ಣಲ್ಲೇ ಹೇಳಿದೆ, ಕೇಳಲಿಲ್ಲ. ಎಂದೂ ಮಣೆ ಹಿಡಿಯದ ಮನುಷ್ಯ ಮಾಡುವ ತಪ್ಪೇ ಅದು. ಮಣೆಯ ಮೇಲೆ ಕೂತು ಎರಡು ಕೈಗಳಿಂದ ಮೊಣಕಾಲು ಹಿಡಿದುಕೊಂಡರು. "ಹೋಗಿ ಬರ್ರಿ" ಎಂದರು. ನನ್ನ ಮುಖ ನೋಡಲಿಲ್ಲ. ನಾನು ಅವರ ಪಕ್ಕದಿಂದ ಹಾದು ಒಳಗೆ ಕಾಲಿಟ್ಟೆ. ಇಪ್ಪತ್ತಾರು ವರ್ಷ ಹಿಮ್ಮಡಿಗೆ, ಬೆನ್ನಿಗೆ ಮಾತ್ರ ಗೊತ್ತಿದ್ದ ಗಾಳಿ ಅವತ್ತು ಮೊದಲ ಸಲ ಮುಖಕ್ಕೆ ಬಡಿಯಿತು.

ಒಳಗೆ ನಾನು ಅಂದುಕೊಂಡ ಹಾಗೆ ಏನೂ ಇರಲಿಲ್ಲ. ಏನಂದುಕೊಂಡಿದ್ದೆ ಎಂದು ಈಗ ಕೇಳಿದರೆ ಹೇಳಲೂ ಬರುವುದಿಲ್ಲ. ಬಂಡೆ, ನೀರು ತೊಟ್ಟಿಕ್ಕುವ ಸದ್ದು, ಹಳೆಯ ಬೀಡಿ ತುಂಡುಗಳು, ಬುತ್ತಿ ತೂಗುಹಾಕುವ ಒಂದು ಗೂಟ. ಸುಂಕಿ ತಲೆದೀಪ ಕಟ್ಟಿಕೊಂಡು ಮುಂದೆ ನಡೆದು ಕೋಲಿನಿಂದ ಬಂಡೆ ಬಡಿಯುತ್ತಿದ್ದಳು. "ಕೇಳವ್ವಾ, ಇದು ಗಟ್ಟಿ. ಇದು ಕೇಳು, ಡೊಳ್ಳಿನಂಗ ಟೊಳ್ಳು. ಇದರ ಕೆಳಗ ನಿಂದ್ರಬ್ಯಾಡ" ಎಂದಳು. ಎರಡೂ ಸದ್ದು ನನಗೆ ಒಂದೇ ಥರ ಕೇಳಿಸಿದವು. ಅವಳು ಇನ್ನೊಮ್ಮೆ ಬಡಿದಳು, ಆಗ ತಿಳಿಯಿತು. ಎಷ್ಟು ಚಂದ ಕಲಿತಿದ್ದಾಳೆ ನನ್ನ ಮಗಳು ಎಂದು ಹೆಮ್ಮೆಯಾಯಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು. ತಿರುಗಿ ನೋಡಿದೆ. ದೂರದಲ್ಲಿ ಬಾಯಿಯ ಬೆಳಕು ಒಂದು ರೊಟ್ಟಿಯಷ್ಟಗಲ ಕಾಣುತ್ತಿತ್ತು. ಅದರ ನಡುವೆ ಅವರ ಬೆನ್ನು ಕಪ್ಪಗೆ ಕಾಣುತ್ತಿತ್ತು.

ಮುಂದಿನ ಒಂದೊಂದು ತಾಸಿಗೂ ನಾನು ತಿರುವಿನ ತನಕ ಬಂದು ಆ ಬೆನ್ನು ನೋಡಿ ಹೋದೆ. ಮೂರನೇ ತಾಸಿಗೆ ನೆಟ್ಟಗಿತ್ತು. ಐದನೇ ತಾಸಿಗೆ ಬಾಗಿತ್ತು. ಆರನೇ ತಾಸಿಗೆ ಅದು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಿತ್ತು. ಈಗ ಎದ್ದರು, ಈಗ ಎದ್ದರು ಎಂದೇ ಅನ್ನಿಸುತ್ತಿತ್ತು. ಊಟದಿಂದ ಏಳುವ ಮನುಷ್ಯ, ಹಸೆಮಣೆಯಿಂದ ಎದ್ದ ಮನುಷ್ಯ. ಕೂಗಬೇಕೆನ್ನಿಸಿತು. ಕೂಗಿದರೆ ಗಾಬರಿಯಾಗಿ ಎದ್ದೇಬಿಟ್ಟಾರು ಎಂದು ಬಾಯಿಗೆ ಸೆರಗು ಒತ್ತಿಕೊಂಡೆ. ಸುಂಕಿ ಬಂದು ನನ್ನ ಕೈ ಹಿಡಿದುಕೊಂಡಳು. "ಏಳಂಗಿಲ್ಲ ಬಿಡವ್ವ" ಎಂದಳು. ಅವಳ ಕೈ ತಣ್ಣಗಿತ್ತು.

ಹೊರಗೆ ಆದದ್ದನ್ನು ಆಮೇಲೆ ಜಡೆಪ್ಪ ಹೇಳಿದ. ನಾಲ್ಕನೇ ತಾಸಿಗೇ ಅವರು ಮೊಣಕಾಲಿಗೆ ಮೊಣಕಾಲು ಒತ್ತಿಕೊಳ್ಳಲು ಶುರುಮಾಡಿದ್ದರಂತೆ. ಮುಖವೆಲ್ಲ ಬೆವರು. ಜಡೆಪ್ಪನಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತು ಮಣೆ ಹಿಡಿದರೆ ಅವರು ಎರಡು ನಿಮಿಷ ಹೋಗಿ ಬರಬಹುದು ಎಂದು ಎದ್ದು ಹತ್ತಿರಕ್ಕೂ ಹೋದ. "ಆದ್ರ ನನ್ನ ಕೈಲಿ ಕುಂದ್ರಾಕ ಆಗಲಿಲ್ಲ ಹೊನ್ನೂರಕ್ಕ. ನಾ ಕುಂತು ಏನಾದ್ರೂ ತಪ್ಪಾಗಿ, ಒಳಗ ನೀವಿಬ್ಬರು... ಕಾಲು ಮಡಚಲೇ ಇಲ್ಲ" ಎಂದು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ನಮ್ಮ ಮನೆಯವರು ಅವನನ್ನು ನೋಡಿ, "ನೀ ದೂರ ಹೋಗು, ಊರ ಕಡೆ ಮುಖ ಮಾಡಿ ನಿಂದ್ರು" ಎಂದರಂತೆ, ಅಷ್ಟೇ.

ಎಂಟು ತಾಸು ಮುಗಿದ ಸೀಟಿ ಕೇಳಿ ಹೊರಗೆ ಬಂದೆವು. ಬಿಸಿಲಿಗೆ ಕಣ್ಣು ಕುಕ್ಕಿತು. ಅವರು ಹಾಗೆಯೇ ಕೂತಿದ್ದರು. "ಇಬ್ಬರೂ ಬಂದ್ರಾ?" ಎಂದು ಕೇಳಿದರು, ತಿರುಗದೆಯೇ. "ಬಂದ್ವಿ, ಏಳ್ರಿ" ಎಂದೆ. ಏಳಲಿಲ್ಲ. "ನೀವು ಮುಂದ ನಡೀರಿ, ನಾ ಆಮ್ಯಾಲೆ ಬರ್ತೀನಿ" ಎಂದರು. ಆಗ ನೋಡಿದೆ. ಪಂಚೆ ನೆನೆದಿತ್ತು, ಮಣೆ ನೆನೆದಿತ್ತು, ಮಣೆಯ ಕೆಳಗಿನ ಕೆಂಪು ಮಣ್ಣು ಕಪ್ಪಾಗಿತ್ತು. ಅತ್ತ ಜಡೆಪ್ಪ ಊರ ಕಡೆ ಮುಖ ಮಾಡಿ ನಿಂತಿದ್ದ, ಚಹಾ ಗಾಡಿಯವನು ಇತ್ತಲೇ ಬರುತ್ತಿದ್ದ. ಸುಂಕಿ ಒಂದು ಕ್ಷಣವೂ ತಡಮಾಡಲಿಲ್ಲ. ಹೆಗಲಿನ ನೀರಿನ ಕ್ಯಾನು ಬಿಚ್ಚಿ, "ಎಷ್ಟು ಬಿಸಿಲಾಗ ಕುಂತೀಯಪ್ಪ, ತಲಿ ಸುಡಾಕತ್ತೈತಿ" ಎನ್ನುತ್ತಾ ಪೂರ್ತಿ ನೀರನ್ನು ಅವರ ತಲೆಯ ಮೇಲೆ ಸುರಿದುಬಿಟ್ಟಳು. ಈಗ ಮೈಯೆಲ್ಲ ನೆನೆದಿತ್ತು. ಅವರು ಎದ್ದರು. ಕಾಲು ಜೋಮು ಹಿಡಿದು ಬೀಳುವಂತಾಯಿತು, ನಾನು ತೋಳು ಕೊಟ್ಟೆ. ನಮ್ಮ ಹಿಂದೆ ಬಾಯಿ ಸದ್ದಿಲ್ಲದೆ ಮುಚ್ಚಿಕೊಂಡಿತು.

ಅಲ್ಲಿಗೆ ಆ ಮಾತು ನಮ್ಮ ಮೂವರಲ್ಲೇ ಉಳಿಯಬಹುದಿತ್ತು. ಮಗಳು ಅಷ್ಟು ಜಾಣತನದಿಂದ ಮುಚ್ಚಿದ್ದಳಲ್ಲ. ಆದರೆ ಮರುದಿನ ಚಹಾ ಗಾಡಿಯ ಹತ್ತಿರ ಪಾಳಿಯ ಗಂಡಸರೆಲ್ಲ ಸೇರಿದ್ದಾಗ ಯಾರೋ, "ಏನಣ್ಣಾ, ಕುಂದ್ರೋ ಕೆಲಸ ಆರಾಮ ಇತ್ತಾ?" ಎಂದು ಕಿಚಾಯಿಸಿದ. ನಮ್ಮ ಮನೆಯವರು ಲೋಟ ಕೆಳಗಿಟ್ಟರು. "ನಾ ಉಚ್ಚಿ ಹೊಯ್ಕೊಂಡೆ" ಎಂದರು. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. "ಕುಂತಲ್ಲೇ ಹೊಯ್ಕೊಂಡೆ. ಎದ್ದಿದ್ರ ಇವರಿಬ್ಬರು ಹೋಗಿಬಿಡ್ತಿದ್ರು. ನಂದು ಒಂದ ದಿನ, ಎಂಟ ತಾಸು. ಇಕಿ ಇಪ್ಪತ್ತಾರು ವರ್ಷ. ನಾ ಒಳಗ ಇರೋವಾಗೆಲ್ಲ ಇಕಿ ಹಿಂಗ ಕುಂತಿದ್ಲು. ನಿಮ್ಮ ಸಲುವಾಗಿನೂ ಕುಂತಿದ್ಲು. ನಕ್ಕೋತೀರೇನು, ನಗ್ರಿ." ಯಾರೂ ನಗಲಿಲ್ಲ. ನಾನು ಅಲ್ಲೇ ಮಣೆ ಹಿಡಿದು ನಿಂತಿದ್ದೆ. ನಾಚಿಕೆಯಿಂದ ಸಾಯುವಂತಾಯಿತು, ಹಾಗೆಯೇ ಅಂಥ ಗಂಡನನ್ನು ಪಡೆದೆನಲ್ಲ ಎಂದು ಎದೆ ತುಂಬಿಯೂ ಬಂತು.

ಅವತ್ತು ಗಂಡಸರು ಒಳಗೆ ಹೋಗಲಿಲ್ಲ. ಜಡೆಪ್ಪನೇ ಮುಂದೆ ನಿಂತು ಸಾಹೇಬರಿಗೆ ಅರ್ಜಿ ಕೊಟ್ಟ: ಪಾಳಿಗೆ ಇಬ್ಬರು ಕೂರಬೇಕು, ಹೆಣ್ಣಾಗಲಿ ಗಂಡಾಗಲಿ, ಬಾಯಿ ಎಲ್ಲಿದ್ದರೂ ಅದರ ಹತ್ತಿರ ಪಾಯಿಖಾನೆ ಇರಬೇಕು. ಬಾಯಿ ದಿನಾ ತಿರುಗುವಾಗ ಪಾಯಿಖಾನೆ ಕಟ್ಟುವುದು ಹೇಗೆ ಎಂದು ಸಾಹೇಬರು ಕೇಳಿದರು. ಚಹಾ ಗಾಡಿಯವನು ತನ್ನ ಗಾಡಿಯ ಗಾಲಿ ತೋರಿಸಿದ. ಎರಡು ದಿನ ಗಣಿ ನಿಂತಿತು, ಮೂರನೇ ದಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಒಂದು ಕೋಣೆಗೆ ಗಾಲಿ ಕೂರಿಸಲು ಶುರುಮಾಡಿದರು. ಇಬ್ಬಿಬ್ಬರು ಎಂದಾದ ಮೇಲೆ ಬೆಲ್ಟಿನ ಹೆಂಗಸರಲ್ಲಿ ಮೂವರು ತಾವಾಗಿಯೇ ಬಂದರು. ತಿಂಗಳು ಮುಗಿಯಲು ಎರಡು ದಿನ ಇರುವಾಗ ಸುಂಕಮ್ಮ ಹಾಜರಿ ಪುಸ್ತಕದಲ್ಲಿ ಮೇಟ್ ಎಂಬ ಪದದ ಎದುರಿಗೆ ಸಹಿ ಮಾಡಿದಳು.

ಅವಳ ಮೊದಲ ಪಾಳಿಗೆ ತಾವೇ ಕೂರುತ್ತೇನೆ ಎಂದು ನಮ್ಮ ಮನೆಯವರು ಹಟ ಹಿಡಿದರು. ಜೊತೆಗೆ ನಾನು. ಹೊಸ ಮಣೆ ದೊಡ್ಡದಿತ್ತು, ಬಡಗಿಗೆ ಹೇಳಿ ಮಾಡಿಸಿದ್ದು. ಸುಂಕಿ ಕೋಲು ಹಿಡಿದು ಒಳಗೆ ಹೋದಳು, ಅವಳ ಹಿಂದೆ ಜಡೆಪ್ಪ, ಅವನ ಹಿಂದೆ ಉಳಿದವರು. ಮೂರು ತಾಸು ಆಗಿರಬೇಕು. ಅವರು ಮಿಸುಕಾಡಲು ಶುರುಮಾಡಿದರು. ನಾನು ಮಣೆಯ ನಡುವಿಗೆ ಸರಿದು ಕೂತೆ. "ಹೋಗಿ ಬರ್ರಿ, ನಾ ಇದೀನಿ" ಎಂದೆ. ಅವರು ಎದ್ದರು, ಆದರೆ ಹೋಗಲಿಲ್ಲ. ನನ್ನ ಮುಂದೆ ಬಂದು ನಿಂತರು.

"ಒಳಗಿಂದ ನೋಡಿದ್ರ ನಿನ್ನ ಬೆನ್ನು ಕಾಣ್ತಿತ್ತು" ಎಂದರು. "ಇಪ್ಪತ್ತೆರಡು ವರ್ಷ. ತಲಿ ಮ್ಯಾಲಿನ ಬಂಡೆ ಏನಾದ್ರೂ ಸದ್ದು ಮಾಡಿದ್ರ ಸಾಕು, ತಿರುವಿಗೆ ಬಂದು ನೋಡ್ತಿದ್ದೆ. ಕುಂತಾಳ, ಅಂದ್ಕೊಂಡು ಮತ್ತ ಹೋಗಿ ಕೊರೀತಿದ್ದೆ. ಒಂದಿನಾನೂ ಹೇಳಲಿಲ್ಲ ನೋಡು ನಿನಗ."

ಅವರು ಇನ್ನೂ ಏನೋ ಹೇಳುವವರಂತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತೇ ಇದ್ದರು. "ಮೊದಲು ಹೋಗಿ ಬರ್ರಿ, ಮತ್ತ ಪಂಚೆ ನೆನೀತೈತಿ" ಎಂದು ಗದರಿದೆ. ಗಾಲಿಯ ಕೋಣೆಯ ಕಡೆಗೆ ಅವಸರವಸರವಾಗಿ ನಡೆದರು. ನಾನು ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತೆ. ಒಳಗೆ ತಿರುವಿನ ಹತ್ತಿರ ಮಗಳು ಬಂದು ನೋಡುತ್ತಿರಬಹುದು.